ಕಾಳಿಗೆ ಏರೋದಿಲ್ಲ ಅನ್ನುವವರು ಬೇರಿನ ಮಾತೂ ಹೇಳಲಿ



ಶಹಾಪುರ ತಾಲೂಕಿನ ಗೋಗಿಯ ನೆಲದಡಿ ಯುರೇನಿಯಂ ಇದೆಯೆಂದು ಪರಮಾಣು ಖನಿಜ ನಿರ್ದೇಶನಾಲಯ ಶೋಧಿಸಿತು. ಯುರೇನಿಯಂ ಕಾರ್ಪೊರೇಷನ್ ಗಣಿಗೆ ಯೋಜನೆ ಹಾಕಿತು. ಜನ ತಿರುಗಿಬಿದ್ದರು. ಅದೆಲ್ಲ ನಿಮಗೆ ಗೊತ್ತಿದ್ದದ್ದೇ.

ನಮಗೆ ಸಮಾಧಾನ ಹೇಳುವವರದು ಒಂದು ವಾದ: ಯುರೇನಿಯಂ ಬೇರಿಗೆ ಅಂಟಿಕೊಂಡು ನಿಲ್ಲುತ್ತದೆ, ಕಾಳಿಗೆ ಏರುವುದು ತೀರಾ ಕಡಿಮೆ. ಇದು ಸುಳ್ಳಲ್ಲ. ಆದರೆ ಅರ್ಧ ಮಾತು. ನಮ್ಮದು ಸುಣ್ಣಕಲ್ಲಿನ ಸೀಮೆ. ಸುಣ್ಣದಂಶದ ಕ್ಷಾರ ಮಣ್ಣಿನಲ್ಲಿ ಯುರೇನಿಯಂ ನೀರಿನೊಳಗೆ ಕರಗಿ ಓಡಾಡುತ್ತದೆ. ಇನ್ನು ಗಜ್ಜರಿ, ಮೂಲಂಗಿ ತಿನ್ನುವಾಗ ನಾವು ತಿನ್ನೋದು ಬೇರನ್ನೇ ಅಲ್ಲೇನ್ರಿ?

ಯುರೇನಿಯಂನ ಹೊಟ್ಟೆಯಲ್ಲಿ ಹುಟ್ಟುವ ರೇಡಿಯಂ ಮತ್ತೂ ಖೋಡಿ. ಗಿಡಕ್ಕೆ ಅದೂ ಕ್ಯಾಲ್ಸಿಯಂ ಇದ್ದಂತೆಯೇ. ಎಲೆಗೆ ಏರುತ್ತದೆ, ಮೇವಿನಿಂದ ಹಾಲಿಗೆ, ನಮ್ಮ ಎಲುಬಿಗೆ. ಅದರ ಅರ್ಧ ಕರಗಲು 1600 ವರ್ಷ ಬೇಕು. ಅಷ್ಟರೊಳಗೆ ಪಹಣಿಯಲ್ಲಿ ಎಷ್ಟು ಹೆಸರು ಬದಲಾಗಬೇಕು, ಲೆಕ್ಕ ಹಾಕ್ರಿ! ಗಣಿಯವರು ಸಾವಿರ ಕಿಲೋ ಕಲ್ಲು ಅರೆದರೆ ಸಿಗುವ ಯುರೇನಿಯಂ ಐದು ಕಿಲೋ ಸಹ ಇಲ್ಲ. ಉಳಿದ ಹಿಟ್ಟು ಇಲ್ಲೇ ಬೀಳುತ್ತದೆ. ಅದಿರಿನ ವಿಕಿರಣದಲ್ಲಿ ಸುಮಾರು ಶೇ. 85 ಆ ಹಿಟ್ಟಿನಲ್ಲೇ ಉಳಿಯುತ್ತದೆ. ಕಲ್ಲಾಗಿದ್ದಾಗ ಗಾಳಿಗೆ ಹಾರುತ್ತಿರಲಿಲ್ಲ.

ಗಣಿ ಬಿಡ್ರಿ. ಗೋಗಿ ಸುತ್ತಲ ಕೆಲವು ಬಾವಿ, ಬೋರುಗಳ ನೀರಿನಲ್ಲಿ ಯುರೇನಿಯಂ ಮಿತಿ ಮೀರಿದೆ ಎಂದು ಅಧ್ಯಯನಗಳೇ ಹೇಳಿವೆ. ಲೀಟರಿಗೆ 30 ಮೈಕ್ರೋಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಕುಡಿಯುವ ನೀರಿನದು. ಕೊಡದ ನೀರಿನ ಚಿಂತೆ ಮಾಡುವವರು ಅದೇ ಬೋರಿನಿಂದ ಹೊಲಕ್ಕೆ ಹರಿಯುವ ನೀರಿನ ಸುದ್ದಿ ಎತ್ತುವುದಿಲ್ಲ.

ಈಗ ದರದ ಮಾತು. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಅಣು ಸ್ಥಾವರ ಒಡೆಯಿತು. 2012ರಿಂದ ಅಲ್ಲಿ ಭತ್ತ ಬೆಳೆದವರ ಅಕ್ಕಿಯನ್ನು ಚೀಲ ಚೀಲವೇ ಪರೀಕ್ಷೆಗೆ ಹಚ್ಚಿದರು. ಮಿತಿ ಕಿಲೋಗೆ 100 ಬೆಕೆರೆಲ್. ಪಾಸಾದ ಅಕ್ಕಿಗೂ ವರ್ಷಗಟ್ಟಲೆ ದರ ಬಿದ್ದಿತ್ತು. ಅಲ್ಲಿ ವಿದ್ಯುತ್ ಕಂಪನಿ ಪರಿಹಾರ ಕೊಡಬೇಕಾಯಿತು. ನಮ್ಮ ತೊಗರಿಗೆ ಅಂಥ ಹೆಸರು ಬಂದರೆ ದಲ್ಲಾಳಿಗೆ ನೆಪ ಸಿಕ್ಕಂತೆ. ಸುದ್ದಿ ತಾಲೂಕಿನ ಗಡಿ ನೋಡುವುದಿಲ್ಲ, ಯಾದಗಿರಿ, ಸುರಪುರದ ಮಾಲಿಗೂ ಕುತ್ತು. ಬ್ಯಾಂಕಿನವರು ಮಾತ್ರ ಬಡ್ಡಿಯಲ್ಲಿ ಒಂದು ಪೈಸೆ ಬಿಡುವುದಿಲ್ಲ.

ಆದ್ದರಿಂದ ಗ್ರಾಮಸಭೆಯಲ್ಲಿ ಎದ್ದು ಕೇಳ್ರಿ: ಮಣ್ಣು, ಬೋರು, ತೊಗರಿ, ಜೋಳ, ಸೊಪ್ಪು, ಮೇವು ಎಲ್ಲವನ್ನೂ ಈಗಲೇ ಪರೀಕ್ಷಿಸಿ, ಫಲಿತಾಂಶ ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಹಚ್ಚಲಿ. ದರ ಕುಸಿದರೆ ತುಂಬಿಕೊಡುವವರು ಯಾರೆಂದು ಮೊದಲೇ ಬರೆದುಕೊಡಲಿ. ಇವತ್ತಿನ ಲೆಕ್ಕ ನಮ್ಮ ಕೈಯಲ್ಲಿ ಇಲ್ಲದಿದ್ದರೆ, ನಾಳೆ ಗುಂಡಿ ತೋಡಿದವರು ಇದು ಮೊದಲೇ ಇತ್ತು ಅಂತಾರೆ.