ಫಣಿಯಮ್ಮಗ ಯಾವ ಅತ್ತರ?

ಚೈತ್ರಗೌರಿ ಹಳದಿ-ಕುಂಕುಮ ಹತ್ತರ ಬಂತು ಅಂತ ಮೊನ್ನೆ ಗುಲಾಬದಾನಿ, ಅತ್ತರದ ಬಾಟ್ಲಿ ಎಲ್ಲಾ ತಗದು ಒರಸಲಿಕ್ಕೆ ಕೂತಿದ್ದೆ. ನಮ್ಮ ಅಣ್ಣನ ಮಗಳು ಬಂದು ಬಾಜೂಕ ಕೂತಳು. ಒಂದೊಂದೇ ಬಾಟ್ಲಿ ಬಿರಡಿ ತಗದು ಮೂಸಿ ನೋಡಿದಳು. "ಅತ್ಯಾ, ಒಂದು ಆಟ ಆಡೂಣು. ನಾ ಕಥಿಯೊಳಗಿನ ಒಬ್ಬಾಕಿ ಹೆಸರು ಹೇಳ್ತೀನಿ. ಆಕಿ ಸ್ವಭಾವಕ್ಕ ಯಾವ ಸೆಂಟು ಒಪ್ಪತದ ನೀ ಹೇಳಬೇಕು" ಅಂದಳು.

ಭಾಳ ಸರಳ ಅದ ಅಂತ ನಾನೂ ಶುರು ಮಾಡಿದೆ. ತಾಳ್ಮಿ ಇದ್ದಾಕಿಗೆ ಮಲ್ಲಿಗಿ. ಸೊಕ್ಕಿನಾಕಿಗೆ ಕೇದಗಿ. ಸಿನಿಮಾದಾಗ ಸಂಸಾರ ಮುರಿಲಿಕ್ಕೆ ಬರ್ತಾಳಲ್ಲ, ಆಕಿಗೆ ಮೂಗಿಗೆ ಬಡಿಯೋ ವಿಲಾಯತಿ ಸೆಂಟು. ಹುಡುಗಿ ನಕ್ಕು "ಇದು ಅತ್ತರ ಅಲ್ಲ ಅತ್ಯಾ, ನಡತೆ ಸರ್ಟಿಫಿಕೇಟು" ಅಂದಳು. ನನ್ನ ಬಾಯಿ ಮುಚ್ಚಿತು. ಖರೇನs ಅದ. ಘಾಟು ವಾಸನಿ ಹಚ್ಚಿಕೊಂಡಾಕಿ ಕೆಟ್ಟಾಕಿ ಅಂತ ನಮ್ಮ ತಲ್ಯಾಗ ಯಾರು ಯಾವಾಗ ಹಾಕಿದರೋ, ಇನ್ನೂ ಅಲ್ಲೇ ಕೂತದ.

ಅದಕ್ಕ ಒಂದು ನೇಮ ಮಾಡಿಕೊಂಡ್ವಿ. ಯಾವ ಅತ್ತರ ಹಚ್ಚಿದ್ರೂ ಮೊದಲು ಬರೋ ವಾಸನಿ ಒಂದು, ಸ್ವಲ್ಪ ಹೊತ್ತಿನ ಮ್ಯಾಲೆ ಬರೋದು ಇನ್ನೊಂದು. ನಿಂಬಿ, ಕಿತ್ತಳಿ ಥರದ್ದು ಗಳಿಗಿಯೊಳಗ ಹಾರಿ ಹೋಗತದ. ಗಂಧ, ಲಾವಂಚದಂಥಾವು ಮರುದಿವಸ ಸೀರಿ ಮಡಚುವಾಗೂ ಸೆರಗಿನ್ಯಾಗ ಇರತಾವ. ಮನುಷ್ಯಾರೂ ಹಂಗs. ಅಂದಮ್ಯಾಲೆ ರೂಪ ನೋಡಿ ಕೊಡೋದು ಬ್ಯಾಡ, ಕಥಿ ಮುಗದ ಮ್ಯಾಲೆ ಆಕಿ ನಮ್ಮೊಳಗ ಏನು ಉಳಿಸಿದಳು ಅದನ್ನ ನೋಡಿ ಕೊಡೂಣು ಅಂತ.

ಮೊದಲು ಸತ್ಯವತಿ. ಆಕಿ ಹೆಸರೇ ವಾಸನಿದ್ದು. ಮೊದಲು ಮತ್ಸ್ಯಗಂಧಿ, ಪರಾಶರರ ವರ ಆದ ಮ್ಯಾಲೆ ಯೋಜನಗಂಧಿ. ಹುಡುಗಿ ಕಸ್ತೂರಿ ಅಂದಳು. ನಾ ಬ್ಯಾಡ ಅಂದೆ. ಯಮುನಾದಾಗ ಹರಿಗೋಲು ಹಾಕಿದ ಕೈ ಅವು. ರಾಣಿ ಆದಳು ಅಂತ ಹೊಳಿ ಮರತಾಳೇನು? ಆಕಿಗೆ ಮಣ್ಣಿನ ಅತ್ತರ. ಕನೌಜಿನ್ಯಾಗ ಮಾಡತಾರ. ಸುಟ್ಟ ಮಣ್ಣಿನ ಹೆಂಟಿ ತಾಮ್ರದ ಹಂಡೆದಾಗ ನೀರಿನ ಜೋಡಿ ಕುದಿಸಿ, ಆ ಉಗಿಯನ್ನ ಗಂಧದ ಎಣ್ಣಿಯೊಳಗ ಇಳಸತಾರ. ಮೊದಲನೇ ಮಳಿ ಬಿದ್ದ ಅಂಗಳ ಮೂಸಿದಂಗ ಇರತದ.

ಆಮ್ಯಾಲೆ ದ್ರೌಪದಿ. ಅರಮನಿ ದ್ರೌಪದಿ ಅಲ್ಲ, ವಿರಾಟರಾಜನ ಮನಿಯೊಳಗ ಸೈರಂಧ್ರಿ ಆಗಿದ್ದಾಕಿ. ಆಕಿಗೆ ಶ್ರೀಗಂಧ, ಎರಡು ಮಾತಿಲ್ಲ. ಆದ್ರ ಹಚ್ಚಿಕೊಂಡಾಕಿ ಅಂತ ಅಲ್ಲ, ತೇಯ್ದಾಕಿ ಅಂತ. ರಾತ್ರಿ ಅಡಿಗಿ ಮನಿಗೆ ಹೋಗಿ ಭೀಮಗ ಅಂಗೈ ತೋರಸತಾಳ, ರಾಜಗ ಗಂಧ ತೇಯ್ದು ತೇಯ್ದು ಅವು ಜಡ್ಡು ಬಿದ್ದಿರತಾವ. ಗಂಧದ ಗಿಡದ ಎಲಿಗೂ ಹೂವಿಗೂ ಆ ವಾಸನಿ ಇಲ್ಲ, ಒಳಗಿನ ತಿರುಳಿಗೆ ಮಾತ್ರ ಇರೋದು. ಅದನ್ನ ಹೊರಗ ತರಬೇಕಂದ್ರ ಯಾರರೆ ಕೈ ಸವಸಬೇಕು. ಮೈಸೂರಿನ್ಯಾಗ 1916ರಾಗ ಗಂಧದ ಎಣ್ಣಿ ಕಾರ್ಖಾನಿ ಆತು, ಬಚ್ಚಲಕ್ಕ ಗಂಧದ ಸಾಬೂನು ಬಂತು, ನಾವು ತೇಯೋ ಕೈ ಮರತ್ವಿ.

ತ್ರಿವೇಣಿಯವರ ಶರಪಂಜರದ ಕಾವೇರಿಗೆ ನಾ ದವನ ಕೊಟ್ಟೆ. ದವನದ ಎಣ್ಣಿ ಒಬ್ಬೊಬ್ಬರ ಮೈಮ್ಯಾಲೆ ಒಂದೊಂದು ಥರ ಆಗತದ ಅಂತ ಅತ್ತರದವರು ಹೇಳ್ತಾರ. ಕಾವೇರಿ ಆಸ್ಪತ್ರಿಯಿಂದ ಆರಾಮಾಗಿ ಮನಿಗೆ ಬಂದ್ರೂ ಮನಿಮಂದಿಗೆ ಆಕಿ ನಕ್ಕರೂ ಹುಚ್ಚು, ಸುಮ್ಮನ ಕೂತರೂ ಹುಚ್ಚು. ವಾಸನಿ ಆಕಿ ಮೈಯೊಳಗ ಇರಲಿಲ್ಲ, ಮಂದಿ ಮೂಗಿನ್ಯಾಗ ಇತ್ತು.

ಕಡೀಕ ಹುಡುಗಿ "ಫಣಿಯಮ್ಮ" ಅಂದಳು. ಎಂ.ಕೆ. ಇಂದಿರಾ ಅವರು ಬರದದ್ದು, 1976ರಾಗ ಬಂತು. ನಮ್ಮ ಮನಿಯೊಳಗ ಆ ಪುಸ್ತಕ ಓದದಾಕಿ ಯಾರೂ ಇರಲಿಕ್ಕಿಲ್ಲ. ಸಣ್ಣ ಹುಡುಗಿ ಇದ್ದಾಗನs ವಿಧವಿ ಆದಳು, ಕೂದಲಾ ತಗಸಿದರು, ಜೀವನಪೂರ್ತಿ ಮಂದಿ ಮನಿ ಹೆರಿಗಿ, ಬಾಣಂತನ ಅಂತ ಓಡಾಡಿದಳು. ನಾ ಪಟ್ಟನೆ "ಲೋಬಾನ, ಬಜಿ, ಓಂಕಾಳು. ಬಾಣಂತಿ ಕೋಣಿ ವಾಸನಿ" ಅಂದೆ. ಛಂದ ಹೇಳಿದೆ ಅನಿಸ್ತು. ರಾತ್ರಿ ಮಲಗಿದ ಮ್ಯಾಲೆ ಮನಸ್ಸಿಗೆ ಚುಚ್ಚಿತು. ಜೀವನಪೂರ್ತಿ ಊರವರು ಆಕಿಗೆ ಕೆಲಸ ಕೊಟ್ಟರು, ಹೂವು ಕೊಡಲಿಲ್ಲ. ಈಗ ಆಟದೊಳಗೂ ನಾ ಕೊಟ್ಟದ್ದು ಕೆಲಸದ ವಾಸನಿನೇ.

ಮುಂಜಾನೆ ಎದ್ದು ಬದಲಿ ಮಾಡಿದೆ. ಫಣಿಯಮ್ಮಗ ಬಕುಳ. ಆಕಿ ಊರ ಕಡೆ, ಮಲೆನಾಡಿನ್ಯಾಗ, ರಂಜ ಅಂತಾರ. ಗಿಡದಿಂದ ತಾನಾಗೇ ಉದುರತದ, ಆರಿಸಿಕೊಳ್ಳಲಿಕ್ಕೆ ಯಾರ ಅಪ್ಪಣಿನೂ ಬ್ಯಾಡ. ಒಣಗಿ ಕಂದು ಬಣ್ಣಕ್ಕ ತಿರಗಿದ್ರೂ ಎಷ್ಟೋ ದಿವಸ ವಾಸನಿ ಬಿಡಂಗಿಲ್ಲ.

ಇಲ್ಲಿಗೆ ಆಟ ಮುಗೀತು ಅನಕೊಂಡೆ, ಮುಗೀಲಿಲ್ಲ. ನಮ್ಮ ಕಾಕು ನಿಮಗೆಲ್ಲಾ ಗೊತ್ತು. ಕಾಕಾ ಹೋಗಿ ಹನ್ನೊಂದು ವರ್ಷ ಆತು. ಪ್ರತಿ ಹಳದಿ-ಕುಂಕುಮಕ್ಕ ನೀವು ತಿನ್ನೋ ಕೋಸಂಬರಿ ಆಕಿ ಕೈದು, ಪಾನಕ ಆಕಿ ಕೈದು, ಉಡಿಗೆ ಹಾಕೋ ಕಡಲಿ ನೆನೆ ಹಾಕೋದೂ ಆಕಿನೇ. ನಾವು ಪಡಸಾಲಿಯೊಳಗ ಒಬ್ಬರಿಗೊಬ್ಬರು ಮುಂಗೈಗೆ ಅತ್ತರ ಹಚ್ಚಿ ಗುಲಾಬನೀರು ಹೊಡಕೋತ ನಗುವಾಗ ಆಕಿ ಅಡಿಗಿ ಮನಿಯೊಳಗ ಇರತಾಳ. ಯಾರೂ ಬೈದಿಲ್ಲ, ಯಾರೂ ತಡದಿಲ್ಲ. ಕರದೂ ಇಲ್ಲ. ನಾನೂ ಕರದಿಲ್ಲ.

ಅವತ್ತs ಬಾಟ್ಲಿ ಹಿಡಕೊಂಡು ಹೋಗಿ "ಕಾಕು, ನಿಂಗ ಯಾವುದು ಹಚ್ಚಲಿ? ನಂಗೇನೋ ಸಂಪಗಿ ಒಪ್ಪತದ ಅನಸ್ತದ" ಅಂದೆ. ಕೈ ಒರಸಿಕೊಂಡು ನನ್ನ ಮಾರಿ ನೋಡಿದಳು. "ಸಂಪಗಿ ಬ್ಯಾಡವಾ, ತಲಿ ಹಿಡೀತದ. ಹೀನಾ ಇದ್ರ ಹಚ್ಚು. ಮದಲಿಂದ ನಂಗ ಅದs ಸೇರೋದು" ಅಂದಳು. ನಲವತ್ತು ವರ್ಷ ಒಂದs ಮನಿಯೊಳಗ ಇದ್ದೀವಿ, ನಂಗ ಗೊತ್ತಿರಲಿಲ್ಲ.

ಕಥಿಯೊಳಗಿನವರನ್ನ ಕೇಳಲಿಕ್ಕೆ ಬರಂಗಿಲ್ಲ, ಅವರಿಗೆ ನಾವು ಆರಿಸಿ ಕೊಡಬೇಕು. ಮನಿಯೊಳಗ ಇದ್ದಾಕಿನ್ನ ಕೇಳಬಹುದಲ್ಲ? ಇದು ಶಾಸ್ತ್ರ ಬಿಡಸೋ ಮಾತಲ್ಲ. ಬಾಗಿನ, ಉಡಿ ನಿಮ್ಮ ನಿಮ್ಮ ಮನಿ ಪದ್ಧತಿ, ಅದು ನಿಮಗs ಬಿಟ್ಟದ್ದು. ಆದ್ರ ಘಮಕ್ಕ ಮುತ್ತೈದಿ, ವಿಧವಿ ಅನ್ನೋದು ಗೊತ್ತಿಲ್ಲ. ಅದು ಪಡಸಾಲಿಯಿಂದ ಅಡಿಗಿ ಮನಿಗೆ ತಾನೇ ಹೋಗತದ. ನಾವs ಹೋಗಿರಲಿಲ್ಲ.

ಬರೋ ಶುಕ್ರವಾರ ಸಂಜಿ ನಮ್ಮಲ್ಲಿ ಹಳದಿ-ಕುಂಕುಮ. ವೈನಿಗೋಳು, ಮಾವಶಿಗೋಳು, ಓಣಿಯವರು ಎಲ್ಲಾರೂ ಬರ್ರಿ. ಕಾಕು ಪಡಸಾಲಿಯೊಳಗ ಇರತಾಳ, ಮೊದಲನೇ ಅತ್ತರ ಆಕಿ ಕೈಗೆ. ಯಾರಿಗರೆ ಸರಿ ಕಾಣಲಿಲ್ಲಂದ್ರ ನನಗ ಹೇಳ್ರಿ, ಆಕಿ ಮುಂದ ಬ್ಯಾಡ. ಬರುವಾಗ ನಿಮ್ಮ ಮನಿಯೊಳಗಿನಾಕಿನ್ನೂ ಕೇಳಿ ಕರಕೊಂಡು ಬರ್ರಿ. ಹೀನಾದ್ದು ಹೊಸಾ ಬಾಟ್ಲಿ ತರಿಸೀನಿ.