ಜರಿ ಅಂಚು ಎಲ್ಲಿ ಹೋಯ್ತು?

ಐದು ತಿಂಗಳು ಕಾದ ಮೊಳಕೆ ಅದು. ಬೆಳಗ್ಗೆ ಆಫೀಸಿನ ಕಾಲ್‌ನಲ್ಲಿ ಇದ್ದೆ. ಬಾಲ್ಕನಿಯಿಂದ ಅಮ್ಮ ಕರೆದಳು. ಮೈಕ್ ಮ್ಯೂಟ್ ಮಾಡಿ ಓಡಿದೆ. ಕುಂಡದ ಮಣ್ಣು ಸೀಳಿಕೊಂಡು ಚೂಪಾದ ಒಂದು ತುದಿ ಎದ್ದಿತ್ತು. ನನಗೋ ಪರೀಕ್ಷೆ ಪಾಸಾದಷ್ಟು ಖುಷಿ. ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿಯೂ ಆಯ್ತು. ಅಮ್ಮ ಮಾತ್ರ ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ತುಂಬಾ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಅಂದಳು: "ಪುಟ್ಟೀ, ಇದಕ್ಕೆ ಜರಿ ಇಲ್ವಲ್ಲೇ."

ಇನ್ನೂ ಚಿಕ್ಕದು, ದೊಡ್ಡದಾದ ಮೇಲೆ ಬರುತ್ತಮ್ಮ ಅಂದೆ. ಬರಲಿಲ್ಲ.

ಸಾಗರದ ನಮ್ಮ ಮನೆಯ ಜಗಲಿ ಮೆಟ್ಟಿಲಿನ ಪಕ್ಕ ಒಂದು ಸಿಮೆಂಟ್ ಕುಂಡ ಇತ್ತು. ಅದರಲ್ಲಿ ಕತ್ತಿಯ ಹಾಗೆ ನೆಟ್ಟಗೆ ನಿಂತ ಎಲೆಗಳು. ಕಡು ಹಸಿರು, ಅಡ್ಡಡ್ಡ ಬೂದು ಪಟ್ಟೆ, ಎರಡೂ ಬದಿಗೆ ಹಳದಿ ಅಂಚು. ಈಗ ಎಲ್ಲರೂ ಅದನ್ನು ಸ್ನೇಕ್ ಪ್ಲಾಂಟ್ ಅಂತಾರೆ, ಆಫೀಸಿನ ಲಾಬಿಯಲ್ಲೂ ಇರುತ್ತೆ. ಅಮ್ಮನಿಗೆ ಅದು ಜರಿ ಗಿಡ. ಹಸಿರು ರೇಷ್ಮೆಗೆ ಜರಿ ಅಂಚು ಇದ್ದ ಹಾಗೆ ಇದೆ ಅಂತ ಅವಳೇ ಇಟ್ಟ ಹೆಸರು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಪ್ಪ ಶಿವಮೊಗ್ಗದಿಂದ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದ ಗಿಡ ಅದು. ಅಪ್ಪ ಹೋಗಿ ಮೂರು ವರ್ಷ ಆಯ್ತು. ಮನೆ ಮಾರಿದ್ದು ಕಳೆದ ವರ್ಷ.

ಮನೆ ಖಾಲಿ ಮಾಡಿದ ದಿನ ಗಾಡಿ ಬಾಗಿಲಲ್ಲಿ ನಿಂತಿತ್ತು, ಡ್ರೈವರ್ ಹಾರ್ನ್ ಹೊಡೀತಿದ್ದ. ಅಮ್ಮ ಕುಂಡದ ಹತ್ತಿರ ನಿಂತು, "ಒಂದು ಕಂದು ಬೇರು ಸಮೇತ ಕಿತ್ಕೊಡೇ" ಅಂದಳು. ಕುಂಡದ ತುಂಬಾ ಬೇರು ಬಿಗಿದು ಕಲ್ಲಾಗಿತ್ತು. ಕೀಳಬೇಕು ಅಂದ್ರೆ ಕುಂಡವನ್ನೇ ಒಡೀಬೇಕು. "ಒಂದು ಎಲೆ ಸಾಕಮ್ಮ, ನೀರಲ್ಲಿಟ್ರೆ ಬೇರು ಬರುತ್ತೆ, ವಿಡಿಯೋದಲ್ಲಿ ನೋಡಿದೀನಿ" ಅಂದೆ. ಅಡುಗೆಮನೆ ಚಾಕುವಿನಲ್ಲಿ ಒಂದು ಎಲೆ ಕೊಯ್ದು, ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿದೆ. ಅಮ್ಮ ವಾದ ಮಾಡಲಿಲ್ಲ. ಆ ವಾರ ಅವಳು ಯಾವುದಕ್ಕೂ ವಾದ ಮಾಡಲಿಲ್ಲ. ಮಂಚ ಮಾರೋದಾ, ಕಡಾಯಿ ಯಾರಿಗೆ ಕೊಡೋದು, ಎಲ್ಲದಕ್ಕೂ "ನಿಂಗೆ ಸರಿ ಅನ್ಸಿದ ಹಾಗೆ ಮಾಡು" ಅಂತಲೇ ಉತ್ತರ. ಅದನ್ನು ನಾನು ಒಪ್ಪಿಗೆ ಅಂದುಕೊಂಡಿದ್ದೆ.

ವಿಡಿಯೋ ಸುಳ್ಳು ಹೇಳಿರಲಿಲ್ಲ. ಎಲೆಯನ್ನು ಗಾಜಿನ ಬಾಟಲಿಯಲ್ಲಿ ಇಟ್ಟೆ, ಎರಡು ತಿಂಗಳಿಗೆ ಬೇರು ಬಂತು. ಮಣ್ಣಿಗೆ ಹಾಕಿದೆ, ಮೊಳಕೆಯೂ ಬಂತು. ಹಾವಿನ ಪಟ್ಟೆಯೂ ಬಂತು. ಬರದೇ ಇದ್ದಿದ್ದು ಜರಿ ಒಂದೇ. ಹಾಗಾದ್ರೆ ಅದೆಲ್ಲಿ ಹೋಯ್ತು ಅಂತ ಹುಡುಕುತ್ತಾ ಹೋದಾಗ ಬಣ್ಣದೆಲೆ ಗಿಡಗಳ ಒಂದು ಗುಟ್ಟು ಗೊತ್ತಾಯ್ತು.

ಎಲೆ ಹಸಿರಾಗಿರೋದು ಕ್ಲೋರೋಫಿಲ್‌ನಿಂದ, ಅಂದ್ರೆ ಶಾಲೆಯಲ್ಲಿ ಓದಿದ ಪತ್ರಹರಿತ್ತಿನಿಂದ. ಬಿಸಿಲಿನಲ್ಲಿ ಗಿಡಕ್ಕೆ ಅಡುಗೆ ಮಾಡಿ ಹಾಕೋದು ಅದೇ. ಬಿಳಿ ಅಥವಾ ತಿಳಿ ಹಳದಿ ಭಾಗದಲ್ಲಿ ಅದು ಇಲ್ಲ, ಅಥವಾ ತೀರಾ ಕಡಿಮೆ. ನಮ್ಮ ಜರಿ ಗಿಡದ ಥರದವುಗಳಲ್ಲಿ ಒಂದೇ ಗಿಡದೊಳಗೆ ಎರಡು ಬಗೆಯ ಜೀವಕೋಶಗಳು ಜೊತೆಯಾಗಿ ಬಾಳ್ತವೆ: ಹಸಿರು ಮಾಡಬಲ್ಲವು ಮತ್ತು ಮಾಡಲಾರದವು. ಬುಡದ ಗೆಡ್ಡೆಯಲ್ಲಿರುವ ಮೊಗ್ಗಿನಲ್ಲಿ ಇವೆರಡೂ ಪದರ ಪದರವಾಗಿ ಜೋಡಿಸಿಕೊಂಡಿರ್ತವೆ. ಆ ಮೊಗ್ಗಿನಿಂದ ಎದ್ದ ಕಂದಿಗೆ ಮಾತ್ರ ಜೋಡಣೆ ಹಾಗೇ ದಾಟುತ್ತೆ. ಎಲೆ ತುಂಡಿನಿಂದ ಗಿಡ ಮಾಡಿದರೆ ಮೊಳಕೆ ಹುಟ್ಟೋದು ಒಳಗಿನ ಹಸಿರು ಭಾಗದಿಂದ. ಹಾಗಾಗಿ ಹಳದಿ ಅಂಚಿನ ಲಾರೆಂಟಿ ಅನ್ನೋ ಈ ತಳಿಯ ಎಲೆ ನೆಟ್ಟರೆ ಬರೋದು ಅಂಚಿಲ್ಲದ ಹಸಿರು ಗಿಡವೇ. ಅಡ್ಡ ಪಟ್ಟೆ ಉಳೀತು, ಯಾಕಂದ್ರೆ ಅದು ಇಡೀ ಗಿಡದ ಸ್ವಭಾವ, ಪ್ರತಿ ಜೀವಕೋಶದಲ್ಲೂ ಬರೆದಿರುತ್ತೆ. ಅಂಚು ಹಾಗಲ್ಲ. ಅಮ್ಮ "ಬೇರು ಸಮೇತ" ಅಂದಿದ್ದು ಸುಮ್ಮನೆ ಅಲ್ಲ.

ಇದರ ಇನ್ನೊಂದು ಕಥೆ ನಮ್ಮ ಹಿತ್ತಿಲಿನ ಸಂಜೆ ಮಲ್ಲಿಗೆಯದ್ದು. ಜರ್ಮನಿಯ ಕಾರ್ಲ್ ಕೊರೆನ್ಸ್ ಅನ್ನೋ ವಿಜ್ಞಾನಿ ಬಿಳಿ-ಹಸಿರು ಎಲೆಯ ಸಂಜೆ ಮಲ್ಲಿಗೆಯ ಮೇಲೆ ಪ್ರಯೋಗ ಮಾಡಿ 1909ರಲ್ಲಿ ಪ್ರಕಟಿಸಿದ. ಆ ಗಿಡದಲ್ಲಿ ಪೂರ್ತಿ ಹಸಿರು ಕೊಂಬೆ, ಪೂರ್ತಿ ಬಿಳಿ ಕೊಂಬೆ, ಮಿಶ್ರ ಕೊಂಬೆ ಮೂರೂ ಇದ್ದವು. ಹಸಿರು ಕೊಂಬೆಯ ಹೂವಿನ ಬೀಜದಿಂದ ಹಸಿರು ಸಸಿ, ಬಿಳಿ ಕೊಂಬೆಯ ಬೀಜದಿಂದ ಬಿಳಿ ಸಸಿ, ಮಿಶ್ರ ಕೊಂಬೆಯ ಬೀಜದಿಂದ ಮೂರೂ ಥರ. ಪರಾಗ ಯಾವ ಕೊಂಬೆಯಿಂದ ತಂದು ಹಾಕಿದರೂ ಲೆಕ್ಕ ಬದಲಾಗಲಿಲ್ಲ. ಎಲೆಯ ಬಣ್ಣ ಇಲ್ಲಿ ತಾಯಿಯ ಕಡೆಯಿಂದ ಮಾತ್ರ ಬರ್ತಿತ್ತು. ಬಿಳಿ ಸಸಿಗಳ ಕಥೆ ಏನಾಯ್ತು ಅಂತೀರಾ? ಬೀಜದಲ್ಲಿದ್ದ ಬುತ್ತಿ ಮುಗಿಯೋ ತನಕ ಬದುಕಿ, ಸತ್ತುಹೋದವು. ಅಡುಗೆ ಮಾಡುವವರೇ ಇಲ್ಲದ ಮನೆ ಅದು.

ಈಗ ನಿಮ್ಮ ಬಾಲ್ಕನಿಗೆ ಬರೋಣ. ಕೊರೆನ್ಸ್‌ನ ಬಿಳಿ ಸಸಿ ನೆನಪಿದ್ದರೆ ನರ್ಸರಿಯಲ್ಲಿ ದುಡ್ಡು ಉಳಿಯುತ್ತೆ. ನಾನೂ ಒಮ್ಮೆ ಮರುಳಾಗಿದ್ದೆ. ಪೂರ್ತಿ ಹಾಲುಬಿಳಿ ಎಲೆಯ ಒಂದು ಮಾನ್‌ಸ್ಟೆರಾ ತುಂಡನ್ನು ಆನ್‌ಲೈನ್‌ನಲ್ಲಿ ದುಬಾರಿ ಬೆಲೆ ಕೊಟ್ಟು ತರಿಸಿದೆ. ಎಲೆ ಎಷ್ಟು ಬಿಳಿಯೋ ಅಷ್ಟು ಅಪರೂಪ ಅಂದುಕೊಂಡಿದ್ದೆ. ಮೂರು ವಾರಕ್ಕೆ ಅಂಚು ಕಂದಿತು, ಎರಡು ತಿಂಗಳಿಗೆ ಕೊಳೆಯಿತು. ತಪ್ಪು ನನ್ನದೇ. ತಾಯಿ ಗಿಡದಲ್ಲಿದ್ದಾಗ ಅದನ್ನು ಪಕ್ಕದ ಹಸಿರು ಎಲೆಗಳು ಸಾಕ್ತಿದ್ದವು, ಕತ್ತರಿಸಿ ಬೇರೆ ಮಾಡಿದ ಮೇಲೆ ಯಾರು ಸಾಕಬೇಕು? ಕೊಳ್ಳುವಾಗ ಬಿಳಿ ಹಸಿರು ಎರಡೂ ಸೇರಿದ ಎಲೆಗಳಿವೆಯಾ, ಕಾಂಡದ ಮೇಲೂ ಬಿಳಿ ಗೆರೆ ಎಳೆದಂತಿದೆಯಾ ನೋಡಿ. ಕಾಂಡದಲ್ಲಿ ಎರಡೂ ಬಣ್ಣ ಇದ್ದರೆ ಮುಂದಿನ ಎಲೆಯಲ್ಲೂ ಎರಡೂ ಬರುವ ಸಾಧ್ಯತೆ ಹೆಚ್ಚು. ಮನಿ ಪ್ಲಾಂಟ್ ಕತ್ತರಿಸಿ ಗೆಳತಿಗೆ ಕೊಡುವಾಗಲೂ ಇದೇ ಲೆಕ್ಕ.

ಎರಡನೆಯದು ಬೆಳಕು. ಹಸಿರು ಕಡಿಮೆ ಇರುವ ಗಿಡಕ್ಕೆ ಹಸಿರು ಗಿಡಕ್ಕಿಂತ ಹೆಚ್ಚು ಬೆಳಕು ಬೇಕು, ಆದರೆ ನೆತ್ತಿ ಸುಡುವ ಬಿಸಿಲು ಬೇಡ. ಬಿಳಿ ಭಾಗ ಬೇಗ ಸುಡುತ್ತೆ, ಸುಟ್ಟ ಕಂದು ಕಲೆ ಮತ್ತೆ ಹೋಗಲ್ಲ. ಪೂರ್ವದ ಬಾಲ್ಕನಿಯ ಬೆಳಗಿನ ಎಳೆ ಬಿಸಿಲು ಬಹುಪಾಲು ಗಿಡಗಳಿಗೆ ಹೇಳಿ ಮಾಡಿಸಿದ್ದು. ಪಶ್ಚಿಮದ್ದಾದರೆ ಮಧ್ಯಾಹ್ನಕ್ಕೊಂದು ಹಸಿರು ನೆರಳು ಬಟ್ಟೆ ಕಟ್ಟಿ. ಟಿವಿ ಪಕ್ಕದ ಕತ್ತಲೆ ಮೂಲೆಯಲ್ಲಿ ಇಟ್ಟ ಮನಿ ಪ್ಲಾಂಟ್ ಆರು ತಿಂಗಳಲ್ಲಿ ಬಣ್ಣ ಕಳೆದುಕೊಂಡು ಹಸಿರಾದರೆ ಬೈಬೇಡಿ, ಇದ್ದ ಅಷ್ಟಿಷ್ಟು ಬೆಳಕಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳೋಕೆ ಅದು ಹುಡುಕಿದ ದಾರಿ ಅದು. ಕ್ರೋಟನ್ ಮಾತ್ರ ಬೇರೆ ಜಾತಿ, ಅದಕ್ಕೆ ಒಳ್ಳೆ ಬಿಸಿಲೇ ಬೇಕು. ಇಲ್ಲದಿದ್ದರೆ ಕೆಂಪು ಹಳದಿ ಎಲ್ಲ ಮಾಯ. ತಂದ ಹೊಸದರಲ್ಲಿ ಎಲೆ ಉದುರಿಸಿದರೆ ಗಾಬರಿ ಬೇಡ, ಜಾಗ ಬದಲಾದ ಮುನಿಸು ಅಷ್ಟೇ.

ಮೂರನೆಯದು ಕತ್ತರಿ. ಬಣ್ಣದೆಲೆಯ ದಾಸವಾಳ ಇಟ್ಟವರಿಗೆ ಇದು ಗೊತ್ತಿರುತ್ತೆ. ಒಂದು ದಿನ ಬುಡದಿಂದ ಅಪ್ಪಟ ಹಸಿರು ಚಿಗುರು ಏಳುತ್ತೆ. ಪರವಾಗಿಲ್ಲ, ಚೆನ್ನಾಗಿದೆ ಅಂತ ಬಿಟ್ಟರೆ ಅದೇ ಗಿಡವನ್ನೆಲ್ಲ ಆಕ್ರಮಿಸುತ್ತೆ. ಅಡುಗೆ ಜಾಸ್ತಿ ಮಾಡುವ ಕೊಂಬೆ ಬೇಗ ಬೆಳೆಯುತ್ತೆ, ಬಣ್ಣದ ಕೊಂಬೆ ಅದರ ನೆರಳಲ್ಲಿ ಸೊರಗುತ್ತೆ. ಹಸಿರು ಚಿಗುರು ಕಂಡ ಕೂಡಲೇ ಅದು ಹುಟ್ಟಿದ ಜಾಗದಲ್ಲೇ ಕತ್ತರಿಸಿ. ಆದರೆ ಬಣ್ಣದ ಕೊಂಬೆಯಲ್ಲಿರುವ ಹಸಿರು ಭಾಗ ಕೀಳೋ ಉತ್ಸಾಹ ಬೇಡ, ಗಿಡ ಬದುಕಿರೋದೇ ಅದರಿಂದ.

ನೀರು, ಗೊಬ್ಬರ ಎರಡೂ ಕೈ ಹಿಡಿದು ಕೊಡಿ. ಇವು ನಿಧಾನ ಬೆಳೆಯುವ ಗಿಡಗಳು, ನೀರೂ ನಿಧಾನ ಕುಡಿಯುತ್ತವೆ. ಬೆರಳು ಮಣ್ಣಿಗಿಳಿಸಿ, ಎರಡು ಗೆಣ್ಣಿನಷ್ಟು ಒಣಗಿದ್ದರೆ ಮಾತ್ರ ನೀರು. ಜರಿ ಗಿಡಕ್ಕಂತೂ ಮಣ್ಣು ಪೂರ್ತಿ ಒಣಗಬೇಕು, ಮಳೆಗಾಲದಲ್ಲಿ ಅದನ್ನು ನಾವು ಮರೆತಷ್ಟೂ ಅದಕ್ಕೆ ಒಳ್ಳೆಯದು.

ಇನ್ನೊಂದು ಎಚ್ಚರಿಕೆ. ಎಲೆಯಲ್ಲಿ ಹಳದಿ ಕಂಡದ್ದೆಲ್ಲ ಚೆಂದ ಅಲ್ಲ. ಎಳೆ ಎಲೆಯಲ್ಲಿ ನರ ಮಾತ್ರ ಹಸಿರಾಗಿದ್ದು ಮಧ್ಯೆ ಹಳದಿಯಾದರೆ ಕಬ್ಬಿಣದ ಅಂಶ ಸಿಗ್ತಿಲ್ಲ ಅಂತ ಅರ್ಥ ಇರಬಹುದು. ಬೆಂಡೆ ಗಿಡದ ಎಲೆಯಲ್ಲಿ ನರಗಳೇ ಹಳದಿ ಬಲೆಯಂತಾದರೆ ಅದು ಬಿಳಿ ನೊಣ ಹರಡುವ ನಂಜು ರೋಗ, ಕಿತ್ತು ಎಸೆಯಬೇಕು. ಮಜಾ ಅಂದ್ರೆ ಹಳದಿ ಚುಕ್ಕೆಯ ಅಬುಟಿಲಾನ್ ಅನ್ನೋ ಅಲಂಕಾರದ ಗಿಡಕ್ಕೆ ಆ ಚೆಂದ ಬಂದಿರೋದೇ ಒಂದು ವೈರಸ್ಸಿನಿಂದ. ಮನೆಯಲ್ಲಿ ಮಗು, ಬೆಕ್ಕು, ನಾಯಿ ಇದ್ದರೆ ಮನಿ ಪ್ಲಾಂಟ್, ಡೈಫನ್‌ಬೇಕಿಯಾ ಎಟುಕದಂತೆ ಇಡಿ. ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತೆ.

ಇಷ್ಟೆಲ್ಲ ತಿಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ, ಸಿದ್ದಾಪುರದ ನರ್ಸರಿಗೆ ಹೋಗಿ ಹಳದಿ ಅಂಚಿನ ಹೊಸ ಗಿಡ ತಂದಿದ್ದು. ಅಚ್ಚುಕಟ್ಟಾಗಿತ್ತು. ಅಮ್ಮ "ಚೆನ್ನಾಗಿದೆ" ಅಂದಳು. ಅಷ್ಟೇ ಅಂದಳು. ಮಾರನೇ ದಿನ ನೋಡ್ತೀನಿ, ನೀರು ಒರೆಸಿ, ಎಲೆಯ ಧೂಳು ಒರೆಸಿ ಆರೈಕೆ ಮಾಡ್ತಿದ್ದಿದ್ದು ಜರಿ ಇಲ್ಲದ ಆ ಹಸಿರು ಗಿಡಕ್ಕೆ. "ಇದು ನಮ್ಮನೇದು ಕಣೇ" ಅಂದಳು. ಆಗ ನನಗೆ ನಿಜವಾಗಿ ಕಸಿವಿಸಿ ಆಯ್ತು. ಎರಡು ನಿಮಿಷ ನಿಂತು ಆ ಕುಂಡ ಒಡೆದಿದ್ದರೆ ಮುಗೀತಿತ್ತು. ಹಾರ್ನ್ ಹೊಡೆದವನಿಗೆ ಕಾಯಪ್ಪ ಅನ್ನೋಕೆ ನನಗೆ ಬರಲಿಲ್ಲ.

ಮನೆ ಕೊಂಡವರಿಗೆ ಫೋನ್ ಮಾಡಿದೆ. ಜಗಲಿ ಒಡೆದು ಕಾರು ನಿಲ್ಲಿಸೋಕೆ ಜಾಗ ಮಾಡಿದ್ದರು, ಕುಂಡಗಳು ಮಣ್ಣಿನ ಜೊತೆ ಹೋಗಿದ್ದವು. ಅವರದೇನು ತಪ್ಪು, ಅವರ ಮನೆ. ಅಮ್ಮನಿಗೆ ಹೇಗೆ ಹೇಳೋದು ಅಂತ ಎರಡು ದಿನ ಒದ್ದಾಡಿ, ಕೊನೆಗೆ ಊಟಕ್ಕೆ ಕೂತಾಗ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಪಕ್ಕದ ಮನೆ ಅಕ್ಕಂಗೆ ನಾನೇ ಒಂದು ಕಂದು ಕೊಟ್ಟಿದ್ನಲ್ಲ. ಅವಳ ಬಚ್ಚಲುಮನೆ ಹಿಂದೆ ಇರ್ಬೇಕು ನೋಡು" ಅಂದಳು.

ಇತ್ತು. ಒಂದಲ್ಲ, ಇಡೀ ಒಂದು ಸಾಲು! ಬಚ್ಚಲ ನೀರಿನ ಪಕ್ಕದ ಏರಿಯಲ್ಲಿ, ಯಾರೂ ನೋಡಿಕೊಳ್ಳದೆ, ಜರಿ ಸಮೇತ ನಿಂತಿದ್ದವು. ಅಕ್ಕ ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ ಫೋನು ಕಸಿದುಕೊಂಡು ಗಿಡ ಬಿಟ್ಟು ಊರಿನ ಸುದ್ದಿಯೆಲ್ಲ ಕೇಳಿದಳು. ಮನೆ ಖಾಲಿ ಮಾಡಿದ ಮೇಲೆ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಮುಂದಿನ ವಾರ ಅಕ್ಕನ ಮಗ ಬೆಂಗಳೂರಿಗೆ ಬರುವಾಗ ಎರಡು ಕಂದು ಬೇರು, ಗೆಡ್ಡೆ, ಊರಿನ ಒಂದು ಹಿಡಿ ಕೆಂಪು ಮಣ್ಣು ಸಮೇತ ಅಕ್ಕಿ ಚೀಲದಲ್ಲಿ ಬಂದವು. ರಾತ್ರಿ ಬಸ್ಸಿನಲ್ಲಿ, ತೊಡೆ ಮೇಲೆ.

ಈಗ ನಮ್ಮ ಬಾಲ್ಕನಿಯಲ್ಲಿ ಮೂರು ಕುಂಡ ಇವೆ. ಊರಿಂದ ಬಂದ ಜರಿ ಗಿಡ, ನರ್ಸರಿಯ ಜರಿ ಗಿಡ, ಜರಿ ಇಲ್ಲದ ನನ್ನ ಎಲೆ ಗಿಡ. ಮೂರನೆಯದನ್ನು ಯಾರಿಗಾದ್ರೂ ಕೊಟ್ಟುಬಿಡೋಣವಾ ಅಂತ ಕೇಳಿದ್ದಕ್ಕೆ ಅಮ್ಮ, "ಯಾಕೆ, ಇರ್ಲಿ ಬಿಡು, ಅದೂ ಅದರ ಮಗುವೇ" ಅಂದಳು. ನೋಡಿದ್ರೆ ಮೂರರಲ್ಲಿ ಅದೇ ಎಲ್ಲಕ್ಕಿಂತ ಬೇಗ ಬೆಳೀತಿದೆ. ಪೂರ್ತಿ ಹಸಿರಲ್ವಾ!

ಹೋದ ಭಾನುವಾರ ಎದುರು ಫ್ಲ್ಯಾಟಿನ ಹುಡುಗಿ ಒಂದು ಎಲೆ ಕೊಡ್ತೀರಾ ಆಂಟಿ ಅಂತ ಕೇಳ್ಕೊಂಡು ಬಂದಿದ್ದಳು. ಅಮ್ಮ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಅವಳಿಗೆ, "ಎಲೆ ಬೇಡಮ್ಮ, ಎರಡು ತಿಂಗಳು ಬಿಟ್ಟು ಬಾ, ಕಂದು ಬಲೀಲಿ. ಬೇರು ಸಮೇತ ಕೊಡ್ತೀನಿ" ಅಂದಳು.

ನಿಮ್ಮ ಊರಿನ ಮನೆ ಅಂಗಳದಲ್ಲಿ ಇಂಥದ್ದೊಂದು ಗಿಡ ಇದ್ದರೆ, ಮುಂದಿನ ಸಲ ಹೋದಾಗ ಒಂದು ಕಂದು ತನ್ನಿ. ಇನ್ನೊಂದನ್ನು ಪಕ್ಕದ ಮನೆಗೂ ಕೊಟ್ಟು ಬನ್ನಿ.