ಯಾರು ಮೆಚ್ಚಿದರು ಅನ್ನೋದು ಬಿಡಿ, ಏನು ಬರೆದಳು ಹೇಳಿ

2024ರ ಜೂನ್ 11ರಂದು ಫ್ರಾನ್ಸಿನ ಗಾಯಕಿ ಫ್ರಾನ್ಸ್ವಾಜ್ ಆರ್ಡಿ ತೀರಿಕೊಂಡಳು. (ಇಂಗ್ಲಿಷಿನವರ ಬಾಯಲ್ಲಿ ಹಾರ್ಡಿ. ಫ್ರೆಂಚರು ನಮ್ಮ ಹಳೇ ಮೈಸೂರು ಕಡೆಯವರ ಹಾಗೆ ಹಕಾರ ನುಂಗಿಬಿಡ್ತಾರೆ.) ಅವತ್ತು ರಾತ್ರಿ ಕೂತು ಕೈಗೆ ಸಿಕ್ಕಿದ ಇಂಗ್ಲಿಷ್ ಶ್ರದ್ಧಾಂಜಲಿಗಳನ್ನೆಲ್ಲ ಓದಿದೆ. ಓದ್ತಾ ಓದ್ತಾ ದುಃಖಕ್ಕಿಂತ ಸಿಟ್ಟೇ ಜಾಸ್ತಿ ಬಂತು. ಮಿಕ್ ಜಾಗರ್ ಈಕೆಯನ್ನು ‘ಆದರ್ಶ ಹೆಣ್ಣು’ ಅಂದಿದ್ದನಂತೆ. ಬಾಬ್ ಡಿಲನ್ 1964ರ ತನ್ನ ಆಲ್ಬಮ್ಮಿನ ಹಿಂಬದಿಯಲ್ಲಿ ಈಕೆಗೆ ಅಂತ ಒಂದು ಪದ್ಯ ಬರೆದಿದ್ದನಂತೆ. ಪಾಕೊ ರಬಾನ್ ಹೊಲಿದ ಚಿನ್ನದ ಉಡುಗೆ ತೊಟ್ಟಿದ್ದಳಂತೆ. ಎಲ್ಲಾ ನಿಜ. ಆದರೆ ಇದರಲ್ಲಿ ಆಕೆ ಮಾಡಿದ ಕೆಲಸ ಎಲ್ಲಿದೆ ಸ್ವಾಮಿ? ಜಾಗರ್ ಮೆಚ್ಚಿದ, ಡಿಲನ್ ಬರೆದ, ರಬಾನ್ ಹೊಲಿದ. ಮೂರು ವಾಕ್ಯಕ್ಕೂ ಕರ್ತೃ ಬೇರೆಯವರೇ.

ಗಂಡು ಹಾಡುಗಾರ ಸತ್ತಾಗ ಅವನನ್ನು ಯಾವ ನಟಿ ಇಷ್ಟಪಟ್ಟಿದ್ದಳು ಅನ್ನೋದರಿಂದ ಸುದ್ದಿ ಶುರುವಾಗುವುದನ್ನು ನಾನಂತೂ ಕಂಡಿಲ್ಲ.

‘ಚೆಂದ ಇದ್ದಳಪ್ಪಾ, ಹೇಳಿದರೆ ತಪ್ಪೇನು?’ ಅಂತ ಗೆಳೆಯನೊಬ್ಬ ಕೇಳಿದ. ಹೇಳು ಮಾರಾಯ, ಯಾರು ಬೇಡ ಅಂದರು? ಕೊನೆಗೆ ಹೇಳು. ಮೊದಲು 1962ಕ್ಕೆ ಹೋಗೋಣ.

ಪ್ಯಾರಿಸ್ಸಿನಲ್ಲಿ ಆಗ ‘ಯೆ-ಯೆ’ ಸಂಗೀತದ ಕಾಲ. ಅಮೆರಿಕದ ರಾಕ್ ಅಂಡ್ ರೋಲನ್ನು ಫ್ರೆಂಚಿಗೆ ತಿರುಗಿಸಿ ಹದಿಹರೆಯದವರಿಗೆ ಮಾರುವ ದೊಡ್ಡ ವ್ಯಾಪಾರ. ಅದರಲ್ಲಿ ಹುಡುಗಿಯರ ಪಾಲಿನ ಕೆಲಸ ಸುಲಭ: ಗಂಡಸರು ಬರೆದುಕೊಟ್ಟದ್ದನ್ನು ನಗುನಗುತ್ತಾ ಹಾಡುವುದು. ಇದು ಎಷ್ಟು ದೂರ ಹೋಯಿತು ಅಂದರೆ, 1966ರಲ್ಲಿ ಸೆರ್ಜ್ ಗೇನ್ಸ್‌ಬೂರ್ ಬರೆದ ಲಾಲಿಪಾಪಿನ ಹಾಡೊಂದನ್ನು 18ರ ಹರೆಯದ ಫ್ರಾನ್ಸ್ ಗಾಲ್ ಟಿವಿಯಲ್ಲಿ ಮುಗ್ಧವಾಗಿ ಹಾಡಿದಳು. ಅದರ ದ್ವಂದ್ವಾರ್ಥ ತನಗೆ ಗೊತ್ತೇ ಇರಲಿಲ್ಲ ಅಂತ ಆಮೇಲೆ ಹೇಳಿಕೊಂಡಳು. ಗೊತ್ತಾದ ಮೇಲೆ ಆ ಹುಡುಗಿಗೆ ಆದ ಅವಮಾನ ಸಣ್ಣದಲ್ಲ.

ಅದೇ ಸಂತೆಯಲ್ಲಿ ಆರ್ಡಿ ಮಾತ್ರ ತನ್ನ ಹಾಡು ತಾನೇ ಬರೆದುಕೊಂಡು ಬಂದವಳು. ಹುಟ್ಟಿದ್ದು 1944ರ ಜನವರಿ 17ರಂದು, ಯುದ್ಧದ ನಡುವೆ, ಪ್ಯಾರಿಸ್ಸಿನಲ್ಲೇ. ಅಪ್ಪನಿಗೆ ಬೇರೆ ಸಂಸಾರ ಇತ್ತು. ಅಮ್ಮ ಒಬ್ಬಳೇ ದುಡಿದು ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದಳು. ಶಾಲೆ ಮುಗಿಸಿ ಪರೀಕ್ಷೆ ಪಾಸಾದದ್ದಕ್ಕೆ ಸಿಕ್ಕ ಉಡುಗೊರೆ ಒಂದು ಗಿಟಾರು. ಗೊತ್ತಿದ್ದ ನಾಲ್ಕೈದು ಸ್ವರಗಳಲ್ಲೇ ಹಾಡು ಕಟ್ಟಿ 1961ರ ನವೆಂಬರಿನಲ್ಲಿ ವೋಗ್ ಎಂಬ ರೆಕಾರ್ಡ್ ಕಂಪನಿಗೆ ಸಹಿ ಹಾಕಿದಳು. ಕಂಪನಿಯವರು ನಂಬಿದ್ದು ‘ಓ ಓ ಶೆರಿ’ ಅನ್ನುವ, ಅಮೆರಿಕದಿಂದ ಎರವಲು ತಂದ ಹಾಡನ್ನು. ಅದೇ ತಟ್ಟೆಯಲ್ಲಿ ಇನ್ನೊಂದು ಕಡೆ ಆಕೆಯ ಸ್ವಂತ ‘ತು ಲೆ ಗಾರ್ಸೋಂ ಎ ಲೆ ಫಿಯ್’ ಇತ್ತು. ವಾರಗೆಯವರೆಲ್ಲ ಕೈಕೈ ಹಿಡಿದು ಓಡಾಡುತ್ತಿರುವಾಗ ಒಬ್ಬಳೇ ನಡೆಯುವ ಹುಡುಗಿಯ ಹಾಡು ಅದು.

1962ರ ಅಕ್ಟೋಬರ್ 28. ರಾಷ್ಟ್ರಾಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕೋ ಬೇಡವೋ ಅಂತ ಫ್ರಾನ್ಸಿನಲ್ಲಿ ಜನಮತಗಣನೆ. ಫಲಿತಾಂಶಕ್ಕಾಗಿ ದೇಶವೆಲ್ಲ ಟಿವಿ ಮುಂದೆ ಕೂತಿದೆ. ಮಧ್ಯೆ ಸಮಯ ತುಂಬಿಸಲು ಈ ಹುಡುಗಿಯ ಹಾಡು ಹಾಕಿದರು. ಹಾರಾಟ ಇಲ್ಲ, ಕುಣಿತ ಇಲ್ಲ. ಆಮೇಲೆ ಅಂಗಡಿಗಳಲ್ಲಿ ಆ ತಟ್ಟೆ ಲಕ್ಷಗಟ್ಟಲೆ ಹೋಯಿತು. ವಯಸ್ಸು 18. ಕಂಪನಿಯ ಲೆಕ್ಕ ತಪ್ಪಿತ್ತು, ಆಕೆಯದ್ದು ಸರಿ ಇತ್ತು. ನನ್ನ ಪ್ರಕಾರ ಶ್ರದ್ಧಾಂಜಲಿ ಶುರುವಾಗಬೇಕಿದ್ದದ್ದು ಈ ರಾತ್ರಿಯಿಂದ.

ಇನ್ನೊಂದು ತಮಾಷೆ ನೋಡಿ. ನಮ್ಮ ವಯಸ್ಸಿನವರಿಗೆ ಆರ್ಡಿ ಗೊತ್ತಾಗಿದ್ದು ಹೆಚ್ಚಾಗಿ ‘ಲ ತಾಂ ದ ಲಾಮೂರ್’ ಮೂಲಕ. ವೆಸ್ ಆ್ಯಂಡರ್ಸನ್ 2012ರ ‘ಮೂನ್‌ರೈಸ್ ಕಿಂಗ್‌ಡಮ್’ ಸಿನಿಮಾದಲ್ಲಿ ಅದನ್ನು ಬಳಸಿದ. ಒಳ್ಳೆಯ ಹಾಡೇ, ಆದರೆ ಅದು ಆಕೆ ಬರೆದದ್ದಲ್ಲ! ರಾಗ ಮುಂದೆ ಆಕೆಯ ಸಂಗಾತಿಯಾದ ಜಾಕ್ ದ್ಯುತ್ರೋಂನದು, ಸಾಹಿತ್ಯ ಬೇರೆ ಇಬ್ಬರು ಗಂಡಸರದು. ಮೊದಲ ಆಲ್ಬಮ್ಮಿನ ಬಹುಪಾಲು ಹಾಡು ಆಕೆಯವೇ ಆಗಿರುವಾಗ, ಜಗತ್ತು ಎತ್ತಿಕೊಂಡಿದ್ದು ಆಕೆಯದ್ದಲ್ಲದ ಒಂದನ್ನು. ಆ್ಯಪ್‌ನಲ್ಲಿ ದೊಡ್ಡದಾಗಿ ಕಾಣೋದು ಹಾಡಿದವರ ಹೆಸರು. ಬರೆದವರನ್ನು ಹುಡುಕೋಕೆ ಎರಡು ಸಲ ಒತ್ತಬೇಕು. ಯಾರು ಒತ್ತುತ್ತಾರೆ?

ಆಕೆಯ ಮೇಲೆ ಅಂಟಿಸುವ ಇನ್ನೊಂದು ಚೀಟಿ ‘ಪಾಪ, ನಾಚಿಕೆ ಸ್ವಭಾವ’. 1968ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಹಾಡಿದ ಮೇಲೆ ಆಕೆ ವೇದಿಕೆ ಕಚೇರಿಗಳನ್ನೇ ಬಿಟ್ಟಳು. ವಯಸ್ಸು 24, ಖ್ಯಾತಿಯ ತುತ್ತತುದಿ. ವೇದಿಕೆಯ ಭಯ ಇತ್ತು, ಸುಳ್ಳಲ್ಲ. ಊರೂರು ಅಲೆಯೋದು, ಪ್ರೀತಿಸಿದವರನ್ನು ಬಿಟ್ಟಿರೋದು ಕೂಡ ಬೇಡವಾಗಿತ್ತು. ಆದರೆ ವೇದಿಕೆ ಬಿಟ್ಟಳೇ ಹೊರತು ಕೆಲಸ ಬಿಡಲಿಲ್ಲ. ಆಮೇಲೂ 50 ವರ್ಷ ರೆಕಾರ್ಡ್ ಮಾಡಿದಳು. ಕೊನೆಯ ಆಲ್ಬಮ್ 2018ರದ್ದು. ಯಾವುದು ತನ್ನ ಕೆಲಸ, ಯಾವುದು ಬರೀ ಮೆರವಣಿಗೆ ಅಂತ ಬೇರೆ ಮಾಡಿಕೊಂಡವಳನ್ನು ‘ಪಾಪ’ ಅನ್ನೋದೇಕೆ? ‘ನೀವು ಕೆಲಸ ಚೆನ್ನಾಗಿ ಮಾಡ್ತೀರಿ, ಆದರೆ ವಿಸಿಬಿಲಿಟಿ ಸಾಲದು’ ಅಂತ ಅಪ್ರೈಸಲ್‌ನಲ್ಲಿ ಕೇಳಿಸಿಕೊಂಡ ನಮಗಾದರೂ ಇದು ಅರ್ಥವಾಗಬೇಕು.

ವೇದಿಕೆ ಬಿಟ್ಟ ಮೂರು ವರ್ಷಕ್ಕೆ ಬಂತು ‘ಲಾ ಕೆಸ್ತ್ಯೋಂ’, 1971. ಬ್ರೆಜಿಲಿನ ತುಕಾ ಎಂಬ ಗಿಟಾರ್ ವಾದಕಿಯ ಜೊತೆ ಕೂತು ಮಾಡಿದ್ದು. ಹೆಚ್ಚಿನ ರಾಗಗಳು ತುಕಾಳವು. ಡ್ರಮ್ಮಿನ ಅಬ್ಬರ ಇಲ್ಲ. ಗಿಟಾರು, ಬಾಸ್, ಹಿಂದೆ ಎಲ್ಲೋ ಪಿಟೀಲುಗಳು. ದನಿ ಕಿವಿಯ ಪಕ್ಕದಲ್ಲೇ ಪಿಸುಗುಟ್ಟಿದ ಹಾಗೆ ಕೇಳುತ್ತೆ. ಆಗ ಮಾರಾಟ ಆಗಲಿಲ್ಲ. ಈಗ ಆಕೆಯ ಅತ್ಯುತ್ತಮ ಆಲ್ಬಮ್ ಅಂತ ಹಲವರು ಎಣಿಸುವುದು ಇದನ್ನೇ. ಫ್ರೆಂಚ್ ಬಾರದ ನಾನು ಅರ್ಥ ಹುಡುಕಿಕೊಂಡು ಮತ್ತೆ ಮತ್ತೆ ಕೇಳಿದ್ದೇನೆ. ತಡರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಕೇಳಬೇಕಾದದ್ದು. ಸಿಗ್ನಲ್ಲಿನಲ್ಲಿ ನಿಂತು ಅಲ್ಲ. ಇಬ್ಬರು ಹೆಂಗಸರು ಕೂಡಿ ಕಟ್ಟಿದ ಈ ಕೆಲಸ ನಾನು ಓದಿದ ಬರಹಗಳಲ್ಲಿ ಎಷ್ಟನೇ ಪ್ಯಾರಾದಲ್ಲಿತ್ತು ಗೊತ್ತಾ? ಡಿಲನ್ ಆದ ಮೇಲೆ, ಉಡುಗೆ ಆದ ಮೇಲೆ.

ಬೇರೆಯವರಿಗೂ ಬರೆದಳು, ಜೂಲಿಯೆನ್ ಕ್ಲೆರ್ 1990ರಲ್ಲಿ ಹಾಡಿದ ‘ಫೆ ಮುವಾ ಯೂನ್ ಪ್ಲಾಸ್’ನ ಸಾಹಿತ್ಯ ಆಕೆಯದ್ದು. 2006ರಲ್ಲಿ ಫ್ರೆಂಚ್ ಅಕಾಡೆಮಿ ಹಾಡಿಗೆಂದೇ ಇರುವ ತನ್ನ ದೊಡ್ಡ ಪದಕ ಕೊಟ್ಟಿತು. ಅಕಾಡೆಮಿಯವರು ಉಡುಗೆ ನೋಡಿ ಪದಕ ಕೊಡೋದಿಲ್ಲ.

ಹಾಗಂತ ಆಕೆಯನ್ನು ಸ್ತ್ರೀವಾದದ ಬಾವುಟ ಮಾಡುವುದೂ ನನಗೆ ಬೇಡ. ರಾಜಕೀಯದಲ್ಲಿ ಬಲಕ್ಕೆ ವಾಲಿದವಳು, ಸಂಪತ್ತಿನ ತೆರಿಗೆ ವಿರುದ್ಧ ಗೊಣಗಿದವಳು. ಜ್ಯೋತಿಷ್ಯವನ್ನು ಗಂಭೀರವಾಗಿ ಓದಿ, ರೇಡಿಯೊ ಕಾರ್ಯಕ್ರಮ ಮಾಡಿ, ಪುಸ್ತಕ ಬರೆದವಳು. (ನಮ್ಮ ಬೆಳಗಿನ ಟಿವಿ ಗುರೂಜಿಗಳ ಜೊತೆ ಹೋಲಿಸಬೇಡಿ, ದಯವಿಟ್ಟು.) ದ್ಯುತ್ರೋಂಗಾಗಿ ವರ್ಷಗಟ್ಟಲೆ ಕಾದು, ಆ ಕಾಯುವಿಕೆಯನ್ನೇ ಹಾಡು ಮಾಡಿದವಳು. ನಮಗೆ ಬೇಕಾದ ಆಕಾರಕ್ಕೆ ಕೂರುವ ಹೆಣ್ಣಲ್ಲ ಅದು.

2004ರಲ್ಲಿ ಲಿಂಫೋಮಾ ಕ್ಯಾನ್ಸರ್ ಪತ್ತೆಯಾಯಿತು, 2018ರಲ್ಲಿ ಗಂಟಲಿನದು. ಚಿಕಿತ್ಸೆ ಕೊನೆಗೆ ದನಿಯನ್ನೇ ತಿಂದುಹಾಕಿತು. ಇನ್ನು ಹಾಡಲಾರೆ ಅಂತ 2021ರಲ್ಲಿ ಹೇಳಿದಳು. ಹಾಡಲಾಗದ ಮೇಲೆ ಬರೆದಳು: 2023ರ ಡಿಸೆಂಬರಿನಲ್ಲಿ ರಾಷ್ಟ್ರಾಧ್ಯಕ್ಷ ಮ್ಯಾಕ್ರನ್‌ಗೆ ಬಹಿರಂಗ ಪತ್ರ. ಗುಣವಾಗದ, ತಡೆಯಲಾಗದ ನೋವಿನಲ್ಲಿ ಇರುವವರಿಗೆ ನೆರವಿನಿಂದ ಸಾಯುವ ಹಕ್ಕು ಕೊಡಿ ಅಂತ. ಇದಕ್ಕೆ ಒಪ್ಪದವರು ಇದ್ದಾರೆ. ವೈದ್ಯರಲ್ಲೂ ಇದ್ದಾರೆ, ಅವರ ಭಯಕ್ಕೆ ಕಾರಣವೂ ಇದೆ. ಆದರೆ ಆ ವಾದ ಮಾಡೋಕೂ ಪತ್ರವನ್ನು ಪತ್ರವಾಗಿ ಓದಬೇಕಲ್ಲ? ‘ಸುಂದರಿಯ ಕೊನೆಯ ಅಳಲು’ ಅನ್ನೋ ಧಾಟಿಯಲ್ಲಿ ಬರೆದರೆ ಅದು ಇನ್ನೊಂದು ಫೋಟೊ ಆಗುತ್ತೆ, ಅಷ್ಟೇ.

ಆ ಮಸೂದೆ 2024ರ ಮೇ ಕೊನೆಗೆ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ಚರ್ಚೆಗೆ ಬಂತು. ಜೂನ್ 9ರ ರಾತ್ರಿ ಯುರೋಪಿಯನ್ ಚುನಾವಣೆಯಲ್ಲಿ ಸೋತ ಮ್ಯಾಕ್ರನ್ ಸಭೆಯನ್ನೇ ವಿಸರ್ಜಿಸಿದ. ಚರ್ಚೆ ಅರ್ಧಕ್ಕೆ ನಿಂತುಹೋಯಿತು. ಎರಡು ದಿನ ಕಳೆದು ಆರ್ಡಿ ಹೋದಳು. ನಾನು ಓದಿದ ಸುದ್ದಿಗಳಲ್ಲಿ ಹೆಚ್ಚಿನವಕ್ಕೆ 1960ರ ದಶಕದ ಒಂದು ಫೋಟೊ ಹಾಕಿದ್ದರು. ಪತ್ರದ ವಿಷಯ ಕೆಳಗೆಲ್ಲೋ ಎರಡು ಸಾಲು.